ಹಳೆಯ ಜಿಪ್ಸಿ, ಹೊಸ ಬುಷ್

ನನ್ನ 1998ರ ಮಾರುತಿ ಜಿಪ್ಸಿ ಜೀಪಿಗೆ ಇವತ್ತು ಮೊದಲ ಸಲ ಕೈ ಹಾಕಿದೆ. ಎತ್ತರ ಏರಿಸಬೇಕು, ದೊಡ್ಡ ಟೈರ್ ಹಾಕಿಸಬೇಕು ಅಂತ ಕಲಬುರಗಿಯ ಗ್ಯಾರೇಜಿಗೆ ಹೋಗಿದ್ದೆ. ಉಸ್ತಾದ್ ಗಾಡಿ ಕೆಳಗೆ ಟಾರ್ಚ್ ಬಿಟ್ಟು, "ಮೊದಲ ಇದನ್ನ ನೋಡ್ರಿ" ಅಂದರು. ಗಾಡಿ ಹೊರುವ ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬುಷ್, ಅಂದರೆ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ, ಒಣಗಿ ಬಿರುಕು ಬಿಟ್ಟಿತ್ತು. ಉಗುರು ತಾಗಿಸಿದರೆ ಪುಡಿ ಉದುರಿತು. ಬೋಲ್ಟು ಒಂದೇ ಕಡೆ ಸವೆದು ಹೊಳೆಯುತ್ತಿತ್ತು. ಇಷ್ಟು ದಿನ ಕೇಳುತ್ತಿದ್ದ ಕಟಕಟ ಸದ್ದು ಇದೇ ಅಲ್ವಾ!

ಇದು 1298 ಸಿಸಿ, ನಾಲ್ಕು ಸಿಲಿಂಡರಿನ ಇಂಜಿನ್. ಚಕ್ರ ದೊಡ್ಡದಾದಷ್ಟೂ ಅದಕ್ಕೆ ಎಳೆಯೋದು ಕಷ್ಟ. ಬ್ರೇಕಿಗೂ ಹೊರೆ ಜಾಸ್ತಿ. ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತೆ. ಆರ್‌ಸಿಯಲ್ಲಿರುವ (ನೋಂದಣಿ ಪತ್ರ) ಮೂಲ ವಿವರವನ್ನೇ ಬದಲಿಸುವ ಕೆಲಸಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಟೈರಿನ ಆಸೆ ಸದ್ಯಕ್ಕೆ ಬಿಟ್ಟೆ. ಬುಷ್, ಬೋಲ್ಟು, ಬ್ರೇಕ್ ಆಯಿಲಿನ ಹೋಸ್ ಪೈಪು ಮಾತ್ರ ಹೊಸದಾಗಿ ಹಾಕಿಸಿದೆ.

ಸಂಜೆ ಮಳೆ ನಿಂತ ಮೇಲೆ ತೊಗರಿ ಹೊಲದ ದಾರಿಯಲ್ಲಿ ಲೋ ರೇಂಜ್ (ವೇಗ ಕಡಿಮೆ, ಎಳೆತ ಜಾಸ್ತಿ ಕೊಡುವ ಗೇರು) ಹಾಕಿ ನಿಧಾನ ಬಿಟ್ಟೆ. ಎರೆ ಮಣ್ಣು ನಾದಿದ ಹಿಟ್ಟಿನ ಹಾಗೆ ಟೈರಿಗೆ ಮೆತ್ತಿಕೊಂಡಿತು. ಗಾಡಿ ನಿಲ್ಲಲಿಲ್ಲ. ಆ ಕಟಕಟ ಸದ್ದೂ ಇರಲಿಲ್ಲ. ಕಿಟಕಿ ತೆರೆದು ಸುಮ್ನೆ ಇಂಜಿನ್ ಸದ್ದು ಕೇಳುತ್ತಾ ಮನೆಗೆ ಬಂದೆ.