ಪ್ರಾರ್ಥನೆಗೊಂದು ನೋಟ್‌ಬುಕ್: ಎಡಪುಟ, ಬಲಪುಟ

‘ನನ್ನ ಪ್ರಾರ್ಥನೆಗೆ ಉತ್ತರವೇ ಇಲ್ಲ’ ಎನ್ನುವವರನ್ನು ಏನು ಕೇಳಿಕೊಂಡಿರಿ, ಎಂದಿನಿಂದ ಎಂದು ವಿಚಾರಿಸಿ ನೋಡಿ. ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ. ‘ಕರ್ತನೇ, ನಮ್ಮ ಕುಟುಂಬವನ್ನು ಆಶೀರ್ವದಿಸು’ ಎಂದು ವರ್ಷಗಟ್ಟಲೆ ಬೇಡಿದವರಿಗೆ ಉತ್ತರ ಬಂದರೂ ಗುರುತು ಸಿಗುವುದು ಹೇಗೆ?

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ (1805–1898) ಇದಕ್ಕೆ ಬರೆದಿಡುವ ದಾರಿ ಹಿಡಿದರು. ಒಂದು ಪುಟದಲ್ಲಿ ಬೇಡಿಕೆ ಮತ್ತು ತಾರೀಖು, ಎದುರು ಪುಟದಲ್ಲಿ ಉತ್ತರ ಬಂದ ದಿನ ಮತ್ತು ಬಂದ ಬಗೆ. 1835ರ ಡಿಸೆಂಬರ್‌ನಲ್ಲಿ ಅವರು ಕಟ್ಟಡಕ್ಕಾಗಿ, 1000 ಪೌಂಡಿಗಾಗಿ, ಕೆಲಸಗಾರರಿಗಾಗಿ ಬೇಡತೊಡಗಿದರು. ಮರುವರ್ಷ ಫೆಬ್ರವರಿಯಲ್ಲಿ ಮಕ್ಕಳ ಅರ್ಜಿ ತೆಗೆದುಕೊಳ್ಳಲು ಕುಳಿತರೆ ಒಬ್ಬರೂ ಬರಲಿಲ್ಲ. ಎಲ್ಲವನ್ನೂ ಕೇಳಿದ್ದರು, ಮಕ್ಕಳನ್ನು ಕಳಿಸು ಎಂದು ಮಾತ್ರ ಕೇಳಿರಲಿಲ್ಲ! ಅಂದು ಸಂಜೆ ಅದನ್ನೂ ಬೇಡಿದರು; ಮರುದಿನ ಮೊದಲ ಅರ್ಜಿ ಬಂತು.

ಸಾಮಾನ್ಯ 200 ಪುಟದ ರೂಲ್ಡ್ ನೋಟ್‌ಬುಕ್ ಸಾಕು. ಎಡಪುಟದಲ್ಲಿ ತಾರೀಖು, ಯಾರಿಗಾಗಿ, ಒಂದೇ ವಾಕ್ಯದಲ್ಲಿ ವಿಜ್ಞಾಪನೆ, ಆಧಾರವಾಗಿ ಹಿಡಿದ ಬೈಬಲ್ ವಚನ. ಬಲಪುಟ ಖಾಲಿ. ದಿನವೂ ಪ್ರಾರ್ಥಿಸುವ ವಿಷಯ ಐದಾರು ದಾಟದಿರಲಿ. ಸಭೆ (ಚರ್ಚಿನವರು), ನೆಂಟರು, ಊರು ಇವನ್ನು ವಾರದ ದಿನಗಳಿಗೆ ಹಂಚಿಬಿಡಿ. ಪಟ್ಟಿ ಉದ್ದವಾದಷ್ಟೂ ಪ್ರಾರ್ಥನೆ ಹಾಜರಿ ಕೂಗುವ ಕೆಲಸವಾಗುತ್ತದೆ. ಬೇರೆಯವರ ಗುಟ್ಟಿನ ವಿಷಯವಿದ್ದರೆ ಹೆಸರಿನ ಮೊದಲಕ್ಷರವಷ್ಟೇ ಬರೆಯಿರಿ, ಪುಸ್ತಕ ಯಾರ ಕೈಗೆ ಸಿಗುತ್ತದೋ ಹೇಳಲಾಗದು.

ಅರ್ಧ ಗಂಟೆ ಇದ್ದರೆ ಮೊದಲ ಹದಿನೈದು ನಿಮಿಷ ಸತ್ಯವೇದಕ್ಕೆ, ಅಂದರೆ ಬೈಬಲ್ ಓದಿಗೆ. ಮುಲ್ಲರ್ ಕೂಡ 1841ರಿಂದ ವಾಕ್ಯಧ್ಯಾನವನ್ನು ಪ್ರಾರ್ಥನೆಗಿಂತ ಮುಂದಕ್ಕೆ ತಂದರು. ಅದಕ್ಕೂ ಮೊದಲು, ಎದ್ದ ಕೂಡಲೇ ಮೊಣಕಾಲೂರಿದಾಗ ಅವರ ಮನಸ್ಸು ಎಲ್ಲೆಲ್ಲೋ ಅಲೆದು, ನಿಜವಾದ ಪ್ರಾರ್ಥನೆ ಶುರುವಾಗುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಓದಿದ ವಚನವೇ ಮಾತು ಹುಟ್ಟಿಸುತ್ತದೆ.

ತಿಂಗಳಿಗೊಮ್ಮೆ ಹಿಂದಿನ ಪುಟಗಳನ್ನು ತಿರುವಿ ಬಲಪುಟ ತುಂಬಿ: ಆಯಿತು, ಬೇರೆ ರೀತಿಯಲ್ಲಿ ಆಯಿತು, ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ‘ಇಲ್ಲ’ ಎಂದು ಬರೆದರೆ ಅವಿಶ್ವಾಸವಾದೀತೆಂಬ ಭಯ. ಸಭೆಯಲ್ಲಿ ಸಾಕ್ಷಿ ಹೇಳುವಾಗಲೂ, ಅಂದರೆ ದೇವರು ಮಾಡಿದ್ದನ್ನು ಹಂಚಿಕೊಳ್ಳುವಾಗಲೂ, ಸಿಕ್ಕಿದ್ದನ್ನಷ್ಟೇ ಹೇಳುವ ಅಭ್ಯಾಸ ನಮ್ಮದು. ಕೇಳುತ್ತ ಕೂತ ರೋಗಿಗೆ ತನ್ನ ವಿಶ್ವಾಸವೇ ಸಾಲದು ಅನ್ನಿಸಿಬಿಡುತ್ತದೆ. ಅಪೊಸ್ತಲ ಪೌಲನ ವಿಶ್ವಾಸ ಸಾಲದಿತ್ತೇ? ಶರೀರದ ಶೂಲ (ಬಿಡದೆ ಕಾಡುವ ಬಾಧೆ) ತೆಗೆಯೆಂದು ಅವನು ಮೂರು ಸಾರಿ ಬೇಡಿದ. ಶೂಲ ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು ಬಂತು (2 ಕೊರಿಂಥ 12). ಗೆತ್ಸೇಮನೆ ತೋಟದಲ್ಲಿ ಸಂಕಟದ ಪಾತ್ರೆ ತೊಲಗಿಸೆಂದು ಯೇಸು ಬೇಡಿದಾಗಲೂ ಅದು ತೊಲಗಲಿಲ್ಲ, ಬಲಪಡಿಸಲು ದೂತನೊಬ್ಬ ಬಂದ (ಲೂಕ 22). ಫಿಲಿಪ್ಪಿ 4:6-7ನ್ನು ನಿಧಾನವಾಗಿ ಓದಿ. ಬೇಕಾದದ್ದನ್ನು ತಿಳಿಯಪಡಿಸಿರಿ ಎಂದ ಮೇಲೆ ಅಲ್ಲಿ ವಾಗ್ದಾನವಾಗಿರುವುದು ಬೇಡಿದ ವಸ್ತುವಲ್ಲ, ಹೃದಯವನ್ನು ಕಾಯುವ ದೇವಶಾಂತಿ. ಆದ್ದರಿಂದ ಬಲಪುಟದಲ್ಲಿ ಇನ್ನೊಂದು ಸಾಲಿಗೆ ಜಾಗ ಬಿಡಿ: ಕಾಯುತ್ತಿದ್ದಾಗ ಏನು ಸಿಕ್ಕಿತು? ನಿದ್ದೆ ಬಂದ ರಾತ್ರಿ, ಹೇಳದೆಯೂ ಊಟ ತಂದುಕೊಟ್ಟ ಸಭೆಯವರು, ಕ್ಷಮಿಸಲು ಬಂದ ಮನಸ್ಸು, ಎಲ್ಲವೂ ಅಲ್ಲಿಗೇ.

ಕಾಯುವುದು ಉದ್ದವೂ ಆಗಬಹುದು. 1844ರಲ್ಲಿ ಮುಲ್ಲರ್ ಐವರ ಮನಪರಿವರ್ತನೆಗೆ ಪ್ರಾರ್ಥಿಸತೊಡಗಿದರು. ಮೊದಲನೆಯವರಿಗೆ 18 ತಿಂಗಳು ಹಿಡಿಯಿತು, ಇನ್ನಿಬ್ಬರಿಗೆ ವರ್ಷಗಳು; 36 ವರ್ಷವಾದರೂ ಉಳಿದಿಬ್ಬರಿಗಾಗಿ ಬೇಡುತ್ತಲೇ ಇದ್ದರು.

ದೇವರ ಸನ್ನಿಧಿ ಎಂದರೆ ಮೈ ಜುಮ್ಮೆನ್ನುವುದು ಎಂದುಕೊಂಡವರು ಒಣ ದಿನಗಳಲ್ಲಿ ಪುಸ್ತಕ ಮುಚ್ಚಿಡುತ್ತಾರೆ. ಅಂಥ ದಿನ ಬೈಬಲ್‌ನ 88ನೇ ಕೀರ್ತನೆ ತೆಗೆಯಿರಿ. ಬೇರೆ ದುಃಖದ ಕೀರ್ತನೆಗಳ ಹಾಗೆ ಅದು ಸ್ತುತಿಗೆ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಮೊದಲಿನಿಂದ ಕೊನೆವರೆಗೆ ದೇವರೊಂದಿಗೇ ಮಾತು. ಅದರ 18 ವಚನಗಳನ್ನು ಗಟ್ಟಿಯಾಗಿ ಓದಿ, ಎಡಪುಟದಲ್ಲಿ ತಾರೀಖು ಹಾಕಿ. ಅಂದಿನ ಪ್ರಾರ್ಥನೆಗೆ ಅಷ್ಟು ಸಾಕು.