ಕಿಟೆಲ್ ನೋಡೋಕೆ ಹೋಗ್ತಿದ್ವಿ

1992ರಲ್ಲಿ ಬಿ.ಎ. ಓದಲು ಬೀದರ್‌ಗೆ ಬಂದಾಗ ನನಗೆ ಮಿಷನ್ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಮೊದಲ ದಿನವೇ ಸೀನಿಯರ್ ಒಬ್ಬ, 'ಮೂಲಿ ಖೋಲ್ಯಾಗ ಚಾಪ್ಲಿನ್ ಇರ್ತಾರ, ಹೋಗಿ ನಮಸ್ಕಾರ ಮಾಡಿ ಬಾ' ಅಂದ. ನನಗೆ ಗೊತ್ತಿದ್ದ ಚಾಪ್ಲಿನ್ ಒಬ್ಬನೇ, ಸಿನಿಮಾದವನು. ಹೋಗಿ ನೋಡಿದರೆ ಬಿಳಿ ಅಂಗಿಯ ಪಾಸ್ಟರ್ ಒಬ್ಬರು ಸ್ಟೋವ್‌ಗೆ ಪಂಪ್ ಹೊಡೆಯುತ್ತಾ ಕೂತಿದ್ದರು.

ಪಾದ್ರಿಗಳ ಹತ್ತಿರ ಹೋಗೋದಲ್ವಾ ಅಂತ ನಾನು ಬಾಗಿಲಲ್ಲೇ ಹಣೆಯ ವಿಭೂತಿ ಒರೆಸಿಕೊಂಡಿದ್ದೆ. ಅದು ಅವರ ಕಣ್ಣಿಗೆ ಬಿದ್ದುಬಿಟ್ಟಿತ್ತು. 'ಯಾಕ ಅಳಿಸ್ಕೊಂಡಿ ತಮ್ಮಾ? ನಾಳಿಂದ ಹಚ್ಕೊಂಡೇ ಬಾ' ಅಂದರು. ಚಹಾ ಕೊಟ್ಟರು.

ಚಾಪ್ಲಿನ್ ಅಂದ್ರೇನು ಅಂತ ಕೇಳಿದೆ. ಹಾಸ್ಟೆಲು, ಆಸ್ಪತ್ರೆಯಂಥ ಕಡೆ ಇರೋ ಪಾದ್ರಿ ಅಂದು, ಆ ಹೆಸರಿನ ಕಥೆಯನ್ನೇ ಹೇಳಿದರು. ಮಾರ್ಟಿನ್ ಅನ್ನೋ ರೋಮನ್ ಸಿಪಾಯಿ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನಂತೆ. ಮುಂದೆ ಆ ನಿಲುವಂಗಿಯನ್ನು ರಾಜರು ಜೋಪಾನ ಮಾಡಿದರು. ಅದನ್ನು ಕಾಯುವ ಪಾದ್ರಿಗಳಿಗೆ ಬಂದ ಹೆಸರೇ ಚಾಪ್ಲಿನ್ ಆಯಿತು. ಸಿನಿಮಾದವನ ಮನೆತನದ ಹೆಸರೂ ಅದೇ ಬೇರಿನದು. 'ನಾನೂ ಅವನೂ ಒಂದೇ ಬಳಗ' ಅಂತ ನಕ್ಕರು.

ಅವರು ಓದಿದ್ದು ಮಂಗಳೂರಿನ ಬಲ್ಮಠದಲ್ಲಿರೋ ಪಾದ್ರಿಗಳ ಕಾಲೇಜಿನಲ್ಲಿ. ಅಲ್ಲಿಂದ ತಂದ ಆಸ್ತಿ ಅಂದ್ರೆ ಒಂದು ಕಿಟೆಲ್ ನಿಘಂಟು, ಜರ್ಮನಿಯ ಪಾದ್ರಿ ಕಿಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ಶಬ್ದಕೋಶ. 1894ರಲ್ಲಿ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಪುಸ್ತಕದ ಮರುಮುದ್ರಣ. ಸುಮಾರು 70 ಸಾವಿರ ಶಬ್ದ, ತಲೆದಿಂಬಿನಷ್ಟು ದಪ್ಪ. ಹೊರಗೆ ಯಾರಿಗೂ ಕೊಡುತ್ತಿರಲಿಲ್ಲ. ಬೇಕಾದವರು ಅಲ್ಲೇ ಕೂತು ನೋಡಬೇಕು.

ಇದರಿಂದ ಒಂದು ಮಜಾ ಆಯಿತು. ಫೇಲಾದವನು, ಮನೆಯಿಂದ ಮನಿಯಾರ್ಡರ್ ಬಾರದವನು, ಅಪ್ಪನ ಜೊತೆ ಜಗಳವಾಡಿ ಬಂದವನು, ಎಲ್ಲರಿಗೂ ಪಾಸ್ಟರ್ ಹತ್ತಿರ ಹೋಗಬೇಕು. ಆದರೆ ಅಳೋಕೆ ಹೋಗ್ತೀನಿ ಅಂತ ಯಾರು ಹೇಳ್ತಾರೆ? 'ಕಿಟೆಲ್ ನೋಡಬೇಕಿತ್ತು' ಅಂತ ಎದ್ದು ಹೋಗುತ್ತಿದ್ದರು. ಬಿ.ಎಸ್ಸಿ. ಹುಡುಗರೂ ರಾತ್ರಿ ಹತ್ತಕ್ಕೆ ಕಿಟೆಲ್ ನೋಡುತ್ತಿದ್ದರು! ನಾವು ಕೆದಕುತ್ತಿರಲಿಲ್ಲ. ಪಾಸ್ಟರೂ ಅಷ್ಟೇ, ನಿಘಂಟನ್ನು ಮೇಜಿನ ಮೇಲಿಟ್ಟು ಸ್ಟೋವ್ ಹೊತ್ತಿಸೋರು. ಭಾನುವಾರ ಚರ್ಚಿನಲ್ಲಿ ಅವರು ಮಾಡೋ ಉಪದೇಶ ಮಾತ್ರ, ನಿಜ ಹೇಳ್ತೀನಿ, ಬಹಳ ಉದ್ದ. ಕೇಳೋಕೆ ಹೋದ ನನ್ನ ಗೆಳೆಯರು ಅಲ್ಲೇ ತೂಕಡಿಸುತ್ತಿದ್ದರು.

ನನ್ನ ಸರದಿ 1993ರ ಸೆಪ್ಟೆಂಬರ್ 30ರಂದು ಬಂತು. ಗಣಪತಿ ಕಳಿಸಿ ಮಲಗಿದ್ದೆವು. ನಸುಕಿನ ನಾಲ್ಕರ ಹೊತ್ತಿಗೆ ಮಂಚಗಳು ಗಡಗಡ ಅಲುಗಿದವು. ಎಲ್ಲರೂ ಬರಿಗಾಲಲ್ಲೇ ಅಂಗಳಕ್ಕೆ ಓಡಿದೆವು. ಬೆಳಗಾದ ಮೇಲೆ, ಭೂಕಂಪಕ್ಕೆ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿ ಅನ್ನೋ ಊರಿನ ಹೆಸರು ಕಿವಿಗೆ ಬಿತ್ತು. ನಮ್ಮ ಅಕ್ಕನನ್ನು ಕೊಟ್ಟಿದ್ದು ಅದರ ಹತ್ತಿರದ ಉಮರ್ಗಾ ಕಡೆಯ ಹಳ್ಳಿಗೆ. ನನ್ನ ಕೈಕಾಲು ಆಡಲಿಲ್ಲ. ಅವತ್ತು ನಾನು ಕಿಟೆಲ್ ಅನ್ನಲಿಲ್ಲ, ಸುಮ್ನೆ ಹೋಗಿ ಬಾಗಿಲಲ್ಲಿ ನಿಂತೆ. 'ನಡಿ' ಅಂದು ಚಪ್ಪಲಿ ಮೆಟ್ಟಿದರು.

ಹುಮನಾಬಾದ್‌ವರೆಗೆ ಬಸ್ಸು. ಅಲ್ಲಿಂದ ಸೋಲಾಪುರ ರಸ್ತೆಯಲ್ಲಿ ಒಂದು ಲಾರಿ. ಕೊನೆಗೆ ನಡಿಗೆ. ದಾರಿಯಲ್ಲಿ ದೇವರ ಮಾತು ಒಂದೂ ಬರಲಿಲ್ಲ, ಎರಡು ಸಲ 'ನೀರು ಕುಡಿ' ಅಂದರು ಅಷ್ಟೇ.

ಆ ಕಡೆಯ ಮನೆಗಳೆಲ್ಲ ಕಲ್ಲು, ಮಣ್ಣಿನ ದಪ್ಪ ಗೋಡೆಯವು. ಅಕ್ಕನ ಮನೆಯ ಹಿಂಭಾಗ ಪೂರ್ತಿ ಕುಸಿದಿತ್ತು. ಅಕ್ಕ ಕೂಸನ್ನು ಎತ್ತಿಕೊಂಡು ಬೇವಿನ ಮರದ ಕೆಳಗೆ ಕೂತಿದ್ದಳು. ಅವಳ ಅತ್ತೆ ಒಳಗೇ ಉಳಿದಿದ್ದರು. ಊರವರು ಸಾಲಾಗಿ ನಿಂತು ಕಲ್ಲು ದಾಟಿಸುತ್ತಿದ್ದರು. ಪಾಸ್ಟರ್ ತೋಳು ಮಡಚಿ ಆ ಸಾಲಿನಲ್ಲಿ ನಿಂತವರು ಸಂಜೆಯವರೆಗೂ ಕದಲಲಿಲ್ಲ. ಒಂದು ಕಲ್ಲು ಅವರ ಹೆಬ್ಬೆರಳಿನ ಮೇಲೆ ಬಿತ್ತು. ಆ ಉಗುರು ಕಪ್ಪಾಗಿ, ದೀಪಾವಳಿ ಮುಗಿದ ಮೇಲೆ ಉದುರಿತು. ಪ್ರಾರ್ಥನೆಗೆ ಬೈಬಲ್ ಹಿಡಿದಾಗೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

1995ರಲ್ಲಿ, ನಾನು ಕೊನೆಯ ವರ್ಷದಲ್ಲಿದ್ದಾಗ, ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಒಂದು ಟ್ರಂಕು, ಸ್ಟೋವು, ಹಾಸಿಗೆ ಸುರುಳಿ, ಇಷ್ಟೇ ಅವರ ಸಾಮಾನು. ಕಿಟೆಲ್ ಅನ್ನು ಹಾಸ್ಟೆಲಿಗೇ ಬಿಟ್ಟು ಹೋದರು. ಆಟೋ ಹೊರಟ ಮೇಲೆ ನಾನೂ ಇನ್ನಿಬ್ಬರೂ ಆ ಖೋಲಿಗೆ ಹೋಗಿ ನಿಘಂಟು ತೆರೆದೆವು. ಮೇಲಿನ ರಟ್ಟಿನ ಮೇಲೆ ಚಹಾ ಲೋಟದ ಗುರುತುಗಳು, ಒಂದರ ಮೇಲೊಂದು. ಒಳಗಿನ ಹಾಳೆಗಳು ಹೊಸ ಪುಸ್ತಕದ ಹಾಗೆ ಗರಿಗರಿಯಾಗಿದ್ದವು. ಕೆಲವು ಇನ್ನೂ ಅಂಚಿನಲ್ಲಿ ಅಂಟಿಕೊಂಡೇ ಇದ್ದವು.