ಕಾವಲುಗಾರರ ಜಗಲಿಯಲ್ಲಿ ಕೂತು ನೋಡಿದ ಕೋಟೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. 1997ರ ತನಕ ಎರಡೂ ಒಂದೇ ಜಿಲ್ಲೆ. ಹಾಗಾಗಿ ನಮ್ಮೂರಿನವರು ಕೋಟೆಗೆ ಹೋಗಿಬರುವುದನ್ನು ಪ್ರವಾಸ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟರೆ, ಕೋಟೆ ಹತ್ತಿ ಇಳಿದು, ಸಂಜೆ ಮಂಡಕ್ಕಿ-ಮಿರ್ಚಿ ಹೊತ್ತಿಗೆ ಮನೆಗೆ ವಾಪಸ್. ನನಗೆ ಮಾತ್ರ ಇದಕ್ಕೆ ವಾರಗಟ್ಟಲೆ ತಯಾರಿ ಬೇಕಾಯಿತು.

ನನಗಿರುವುದು ಫೈಬ್ರೊಮಯಾಲ್ಜಿಯ. ಮೈಯೆಲ್ಲ ನೋವು, ರಾತ್ರಿಯಿಡೀ ಮಲಗಿ ಎದ್ದರೂ ಆರದ ಸುಸ್ತು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್. ಕೀಲು ಊದಿರುವುದಿಲ್ಲ, ನೋಡಿದವರಿಗೆ ಏನೂ ಕಾಣುವುದಿಲ್ಲ. ‘ಚೆನ್ನಾಗೇ ಇದೀಯಲ್ಲೇ’ ಅನ್ನುವವರೇ ಜಾಸ್ತಿ. ಮೈಯಿಂದ ಬರುವ ಸಣ್ಣ ಸುದ್ದಿಯನ್ನೂ ಮಿದುಳು ದೊಡ್ಡ ನೋವು ಮಾಡಿ ಕೇಳಿಸಿಕೊಳ್ಳುತ್ತದೆ ಅಂತ ಡಾಕ್ಟರು ವಿವರಿಸುತ್ತಾರೆ. ದಿನವಿಡೀ ಮಲಗಿಬಿಟ್ಟರೂ ನೋವು ಏರುತ್ತದೆ, ಹುಮ್ಮಸ್ಸಿನಲ್ಲಿ ಓಡಾಡಿದರೂ ಏರುತ್ತದೆ. ಅದರಲ್ಲೂ ಓಡಾಡಿದ್ದರ ಬಿಲ್ಲು ಅವತ್ತೇ ಬರುವುದಿಲ್ಲ. ಮಾರನೆಯ ದಿನ ಬರುತ್ತದೆ, ಕೆಲವು ಸಲ ಅದರ ಮಾರನೆಯ ದಿನ. ಹತ್ತುವಾಗ ಚೆನ್ನಾಗಿದ್ದೆ ಅನ್ನುವ ಮಾತಿಗೆ ನಮ್ಮಂಥವರಲ್ಲಿ ಬೆಲೆಯೇ ಇಲ್ಲ.

ಇಷ್ಟು ಗೊತ್ತಿದ್ದೂ ಅಕ್ಕ-ಭಾವ ಜನವರಿಯಲ್ಲಿ ಅಂಡಮಾನ್‌ಗೆ ಬಾ ಅಂತ ಕರೆಯುತ್ತಿದ್ದಾರೆ. ಸಮುದ್ರ, ಮರಳು, ಆರಾಮಾಗಿ ಕೂರಬಹುದು ಅಂತ ಅವರ ಲೆಕ್ಕ. ಆದರೆ ಅಲ್ಲಿ ವಿಮಾನ ಇಳಿಯುವ ಊರೇ ಗುಡ್ಡಗಳ ಮೇಲಿದೆ. ಪೋರ್ಟ್ ಬ್ಲೇರ್‌ ಅಂತ ನಾವು ಕರೆಯುತ್ತಿದ್ದ, 2024ರಲ್ಲಿ ಶ್ರೀ ವಿಜಯಪುರಂ ಆದ ಆ ಊರಿನ ರಸ್ತೆಗಳೆಲ್ಲ ಏರು-ಇಳಿವು. ಸಮುದ್ರ ದಾಟಿ ಹೋಗಿ ಹಾಸಿಗೆ ಹಿಡಿಯುವ ಬದಲು, ಮನೆಯಿಂದ ಒಂದು ಗಂಟೆ ದೂರದಲ್ಲೇ ಒಂದು ಸಲ ಮೈಯನ್ನು ಕೇಳಿ ನೋಡೋಣ ಅಂತ ಚಿತ್ರದುರ್ಗ ಆರಿಸಿಕೊಂಡೆ. ನಮ್ಮನೆಯವರು ನಕ್ಕರು. ‘ಪರೀಕ್ಷೆಗೆ ಏಳು ಸುತ್ತಿನ ಕೋಟೆನೇ ಬೇಕಿತ್ತಾ?’

ಹೊರಡುವ ಮುಂಚಿನ ದಿನ ಬಟ್ಟೆ ಒಗೆಯಲಿಲ್ಲ, ನೆಲ ಒರೆಸಲಿಲ್ಲ. ಹೋಗಿಬಂದ ಮೇಲಿನ ದಿನಗಳಿಗೆ ಏನೂ ಇಟ್ಟುಕೊಳ್ಳಲಿಲ್ಲ; ಮದುವೆ ಮನೆಯೊಂದಕ್ಕೆ ಬರಲ್ಲ ಅಂತ ಮೊದಲೇ ಹೇಳಿದ್ದಾಯಿತು. ಬಸ್ ಬೇಡ, ಸೀಟು ಹಿಂದಕ್ಕೆ ಬಾಗಿಸಬಹುದಾದ ಕಾರು. ಭಾನುವಾರ ಬೇಡ, ಜನರ ನಡುವೆ ಅವರ ವೇಗಕ್ಕೆ ನಡೆಯಬೇಕಾಗುತ್ತದೆ. ಮಡಚುವ ಊರುಗೋಲು, ಕೂರಲು ಒಂದು ತೆಳು ದಿಂಬು, ಜಿಪ್ ಇರುವ ಬ್ಯಾಗು. ಕೋಟೆಯ ಕೋತಿಗಳಿಗೆ ಕವರ್ ಶಬ್ದ ಕೇಳಿದರೆ ಸಾಕು. ಜೊತೆಗೆ ಒಂದು ಒಪ್ಪಂದ: ಹತ್ತೂವರೆಗೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್. ಇನ್ನು ಸ್ವಲ್ಪ, ಅಲ್ಲೇ ಇದೆ ಅನ್ನುವ ಮಾತು ಇಬ್ಬರೂ ಆಡಬಾರದು.

ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಒಳಗಿದ್ದೆವು. ಚಿತ್ರದುರ್ಗ ಒಣ ಊರು, ಹೊತ್ತೇರಿದರೆ ಬಂಡೆ ಕಾಯುತ್ತದೆ. ಕೋಟೆಯ ದಾರಿ ನೇರಕ್ಕೆ ಹೋಗುವುದಿಲ್ಲ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ, ಪಕ್ಕಕ್ಕೆ ತಿರುಗಿದರೆ ಮತ್ತೊಂದು ಬಾಗಿಲು. ನುಗ್ಗಿ ಬರುವ ಆನೆಗೂ ಸೈನ್ಯಕ್ಕೂ ವೇಗ ಸಿಗಬಾರದು ಅಂತಲೇ ಹೀಗೆ ಕಟ್ಟಿದ್ದು. ನೆಲಕ್ಕೆ ಹಾಸಿದ ಕಲ್ಲು ಸವೆದು ಏರುಪೇರಾಗಿದೆ. ಕಣ್ಣು ನೆಲದ ಮೇಲೇ ಇರಬೇಕು, ಊರುಗೋಲು ಪ್ರತಿ ಕಲ್ಲಿನ ಮಟ್ಟ ಹುಡುಕಬೇಕು. ಗಾಲಿಕುರ್ಚಿಯವರಿಗೆ ಮೊದಲ ಬಾಗಿಲಿನ ಆಸುಪಾಸೇ ಕೊನೆ ಅಂತ ಹೇಳದೆ ವಿಧಿಯಿಲ್ಲ.

ಶತ್ರುಗಳನ್ನು ದಣಿಸಲು ಕಟ್ಟಿದ ಈ ದಾರಿ ನನ್ನನ್ನು ಬದುಕಿಸಿತು. ಬಾಗಿಲುಗಳ ಒಳಮಗ್ಗುಲಲ್ಲಿ ಕಾವಲಿನವರಿಗೆ ಅಂತ ಕಂಬ ನಿಲ್ಲಿಸಿ, ಕಲ್ಲಿನ ಚಪ್ಪಡಿ ಹೊದಿಸಿ ಮಾಡಿದ ಜಾಗಗಳಿವೆ. ನೆರಳು, ತಂಪು, ಕೂರಲು ಎತ್ತರದ ಜಗಲಿ. ಎದ್ದು ನಿಲ್ಲಲು ಮಂಡಿಗೆ ಜಾಸ್ತಿ ಕೆಲಸವಿಲ್ಲ. ನಾನು ಬಾಗಿಲಿಂದ ಬಾಗಿಲಿಗೆ ನಡೆದೆ, ಸುಸ್ತಾಗುವ ಮುಂಚೆಯೇ ಕೂತೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ನಮ್ಮನೆಯವರಿಗೆ ಇದು ಅರ್ಥವಾಗಲು ವರ್ಷಗಳೇ ಬೇಕಾದವು. ಸುಸ್ತಾದ ಮೇಲೆ ಕೂತರೆ ತಡವಾಯಿತು ಅಂತಲೇ ಅರ್ಥ.

ಹೀಗೆ ಕೂತಿದ್ದಾಗಲೇ ಗೋಡೆಯ ಕೆಲಸ ಕಂಡಿದ್ದು. ದೊಡ್ಡ ದೊಡ್ಡ ಕಲ್ಲುಗಳನ್ನು ಕೊರೆದು ಒಂದಕ್ಕೊಂದು ಕೂರಿಸಿದ್ದಾರೆ, ಸಂದಿನಲ್ಲಿ ಗಾರೆಯೇ ಕಾಣುವುದಿಲ್ಲ. ಗೋಡೆ ಎಲ್ಲಿ ಮುಗಿಯಿತು, ಬೆಟ್ಟದ ಬಂಡೆ ಎಲ್ಲಿ ಶುರುವಾಯಿತು ಅಂತ ಕೆಲವು ಕಡೆ ಹೇಳುವುದೇ ಕಷ್ಟ. ಕಾಲೇಜಿನ ದಿನಗಳಲ್ಲಿ ಇದೇ ಬಾಗಿಲುಗಳನ್ನು ಓಡಿಕೊಂಡು ದಾಟಿದ್ದೆ, ಏನೂ ನೋಡಿರಲಿಲ್ಲ. ಹೈದರಾಲಿ ಹಲವು ಸಲ ದಂಡೆತ್ತಿ ಬಂದು, ಕೊನೆಗೆ 1779ರಲ್ಲಿ ಮದಕರಿ ನಾಯಕನಿಂದ ಈ ಕೋಟೆ ಗೆದ್ದ. ಅದೂ ಒಳಗಿನವರೇ ಕೆಲವರು ಕೈಕೊಟ್ಟ ಮೇಲೆ ಅನ್ನುತ್ತದೆ ಇತಿಹಾಸ. ಈ ತಿರುವುಗಳಲ್ಲಿ ನಡೆದವರಿಗೆ ಅದನ್ನು ನಂಬುವುದು ಸುಲಭ.

ಮದ್ದು ಬೀಸುವ ಕಲ್ಲುಗಳ ಗುಂಡಿಯನ್ನು ಮೇಲಿಂದಲೇ ನೋಡಿದೆ. ಆಳದಲ್ಲಿ ನಾಲ್ಕು ಭಾರಿ ಬೀಸುಕಲ್ಲು. ಸಿಡಿಮದ್ದು ಅರೆಯಲು ಬಳಸುತ್ತಿದ್ದದ್ದಂತೆ. ಇಳಿದರೆ ಮತ್ತೆ ಹತ್ತಬೇಕು ಅನ್ನುವುದು ನನ್ನ ಮುಖ್ಯ ಲೆಕ್ಕ, ಹಾಗಾಗಿ ಒನಕೆ ಓಬವ್ವನ ಕಿಂಡಿಯನ್ನೂ ಬಿಟ್ಟೆ. ಮನಸ್ಸಿಗೆ ಕಷ್ಟವಾಗಲಿಲ್ಲ ಅಂತ ಹೇಳಿದರೆ ಸುಳ್ಳು. ದುರ್ಗಕ್ಕೆ ಬಂದು ಕಿಂಡಿ ನೋಡದೆ ಹೋಗುವುದು ಅಂದರೆ ಏನು! ನಮ್ಮನೆಯವರು ಹೋಗಿ ವಿಡಿಯೋ ಮಾಡಿಕೊಂಡು ಬಂದರು. ಅದರಲ್ಲಿ ಅವರ ಏದುಸಿರೇ ಜೋರಾಗಿ ಕೇಳುತ್ತಿತ್ತು. ಪಕ್ಕದ ತಣ್ಣೀರು ದೋಣಿಯನ್ನೂ ತೋರಿಸಿದರು. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಓಬವ್ವ ಹೋಗಿದ್ದು ಅಲ್ಲಿಗೇ ಅಂತ ಕಥೆ.

ಅವರು ಬರುವ ತನಕ ಜಗಲಿಯಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಬಂದು ಕೂತರು. ಮೊಮ್ಮಕ್ಕಳು ಮೇಲೆ ಹೋಗಿದ್ದರಂತೆ. ‘ಯಾಕವ್ವ, ಇಷ್ಟು ಸಣ್ಣ ವಯಸ್ಸಿಗೆ ಕೋಲು?’ ಅಂದರು. ಕಾಯಿಲೆಯ ಹೆಸರು ಹೇಳಲು ಹೋಗಲಿಲ್ಲ, ಮೈಕೈ ನೋವು ಅಂದೆ. ‘ನಂಗೂ ಅದೇ’ ಅಂತ ಸೆರಗಿನ ಗಂಟು ಬಿಚ್ಚಿ ಎಲೆ-ಅಡಿಕೆ ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ಅರಿಶಿನದ ಹಾಲು, ಎಣ್ಣೆ ನೀವುವುದು, ಇನ್ಯಾವುದೋ ಊರಿನ ನಾಟಿ ಔಷಧಿ ಎಲ್ಲ ಬರುತ್ತಿತ್ತು. ಈ ಅಜ್ಜಿ ಎಲೆ ಅಗಿಯುತ್ತಾ ಸುಮ್ನೆ ಕೂತರು.

ಏಕನಾಥೇಶ್ವರಿ ಗುಡಿಯ ಎದುರಿನ ಬಯಲು ತಲುಪಿದಾಗ ಹತ್ತೂಕಾಲು. ಅಲ್ಲಿಂದ ಉಯ್ಯಾಲೆ ಕಂಬ, ದೀಪಸ್ತಂಭ, ಮೇಲೆ ಹಿಡಿಂಬೇಶ್ವರನ ಗುಡಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಇನ್ನೂ ಎತ್ತರದಲ್ಲಿ ತುಪ್ಪದ ಕೊಳದ ಬತೇರಿ, ಅಂದರೆ ಕಾವಲು ಬುರುಜು. ಬಂಡೆಯಲ್ಲಿ ಕೊರೆದ ಪುಟ್ಟ ಕಚ್ಚುಗಳಲ್ಲಿ ಕಾಲಿಟ್ಟು ಹುಡುಗರು ಹತ್ತುತ್ತಿದ್ದರು. ಗೈಡ್ ಒಬ್ಬರು ಬೇರೆ ಗುಂಪಿಗೆ ನೀರಿನ ಕಥೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಹರಿಯುತ್ತದೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆ ಹೊಂಡ. ಅಷ್ಟೊಂದು ಮುತ್ತಿಗೆಗಳಲ್ಲೂ ಕೋಟೆಯೊಳಗಿನವರು ಬಾಯಾರದೆ ಉಳಿದದ್ದು ಈ ಏರ್ಪಾಟಿನಿಂದ. ಗೋಪಾಲಸ್ವಾಮಿ ಹೊಂಡ ನನ್ನ ಗಡಿಯಾರದಲ್ಲಿ ಇರಲಿಲ್ಲ. ವಾಪಸ್ ಬರುವಾಗ ಕಾರು ನಿಲ್ಲಿಸಿ ಸಂತೆ ಹೊಂಡ ನೋಡಿದೆ. ನೀರೇ ಇಳಿದು ಬರುತ್ತಿರುವಾಗ ನಾನ್ಯಾಕೆ ಹತ್ತಬೇಕು?

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಉಸಿರು ಚೆನ್ನಾಗಿರುತ್ತದೆ, ತೊಡೆ ನಡುಗುತ್ತದೆ. ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಇಳಿಯಲು ಹಿಡಿಯಿತು.

ಮಧ್ಯಾಹ್ನ ಮೈ ಚಾಚಲು ಒಂದು ಲಾಡ್ಜಿನಲ್ಲಿ ರೂಮು ಹೇಳಿದ್ದೆವು. ಲಿಫ್ಟ್ ಇದೆ ಅಂತ ಫೋನಿನಲ್ಲಿ ಖಾತ್ರಿ ಮಾಡಿಕೊಂಡಿದ್ದೆ. ಹೋಗಿ ನೋಡಿದರೆ ಲಿಫ್ಟ್ ಇದೆ, ಬಾಗಿಲಿಗೆ ‘ರಿಪೇರಿ’ ಅಂತ ಚೀಟಿಯೂ ಇದೆ. ಕೌಂಟರಿನ ಹುಡುಗ ಪಾಪ, ನೆಲಮಹಡಿಯಲ್ಲಿ ಅಡುಗೆಮನೆ ಪಕ್ಕದ ರೂಮು ಬಿಡಿಸಿಕೊಟ್ಟ. ಒಗ್ಗರಣೆ ವಾಸನೆಯಲ್ಲೇ ನಿದ್ದೆ ಹೋದೆ.

ಸಂಜೆ ಚಂದ್ರವಳ್ಳಿ. ಬೆಟ್ಟಗಳ ನಡುವೆ ಕೆರೆ. ಅಂಕಲಿ ಮಠದ ಗುಹೆಗಳು ನೆಲದಡಿಗೆ, ಕತ್ತಲಲ್ಲಿ ಮೆಟ್ಟಿಲಿಳಿದು ಹೋಗುವಂಥವು. ಅವನ್ನು ಮನೆಯಲ್ಲಿರುವಾಗಲೇ ಪಟ್ಟಿಯಿಂದ ತೆಗೆದಿದ್ದೆ. ಕೆರೆ ಹತ್ತಿರದ ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅವನು ಇಲ್ಲಿ ಕೆರೆ ಮಾಡಿಸಿದ ವಿಷಯ ಅದರಲ್ಲಿದೆ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದೂ ಇದೇ ಚಂದ್ರವಳ್ಳಿಯಲ್ಲಿ. ಮೆಟ್ಟಿಲ ಕಾಟವಿಲ್ಲದೆ ಇಷ್ಟು ಹಳೆಯದನ್ನು ನೋಡುವ ಜಾಗ ಈ ಕಡೆ ಕಡಿಮೆ. ನನ್ನನ್ನು ಕೇಳಿದರೆ, ನೋವಿರುವವರು ಕೋಟೆಗಿಂತ ಮೊದಲು ಇಲ್ಲಿಗೇ ಬರಬೇಕು.

ಮಾರನೆಯ ದಿನ ಬೆಳಿಗ್ಗೆ ಪರವಾಗಿಲ್ಲ ಅನ್ನಿಸಿತು. ಸಂಜೆಗೆ ಭುಜ, ಸೊಂಟ, ತೊಡೆ ಎಲ್ಲ ಒಟ್ಟಿಗೆ ಶುರು. ಬೆಳಕು ಕೂಡ ಚುಚ್ಚುತ್ತಿತ್ತು. ಮರುದಿನ ಮಲಗಿಯೇ ಇದ್ದೆ, ಆಗಾಗ ಎದ್ದು ಹಜಾರದಲ್ಲಿ ನಡೆದೆ. ಆಮೇಲೆ ಇಳಿಯಿತು. ಖಾಲಿ ಇಟ್ಟುಕೊಂಡ ದಿನಗಳೊಳಗೇ ಮುಗಿಯಿತು ಅನ್ನುವುದು ನನಗೆ ದೊಡ್ಡ ವಿಷಯ. ಒಂದು ಏರಿಗೆ ಎಷ್ಟು ಮಲಗಬೇಕು ಅನ್ನುವುದು ಈಗ ಅಂದಾಜಿಗೆ ಸಿಕ್ಕಿದೆ.

ಅದೇ ಅಂದಾಜು ಹಿಡಿದು ಅಂಡಮಾನ್ ಪಟ್ಟಿ ತಿದ್ದಿದೆ. ಸೆಲ್ಯುಲರ್ ಜೈಲಿನ ಅಂಗಳ, ಕೆಳಗಿನ ಕೋಣೆಗಳು ಇರಲಿ. ಮೂರನೇ ಅಂತಸ್ತು, ಗೋಪುರ ಅವರೇ ನೋಡಲಿ. ಸಂಜೆಯ ಧ್ವನಿ-ಬೆಳಕಿನ ಪ್ರದರ್ಶನ ಕೂತೇ ನೋಡುವುದು, ಅದಕ್ಕೆ ಬರುತ್ತೇನೆ. ರಾಸ್ ದ್ವೀಪ ಅಂತಿದ್ದ ನೇತಾಜಿ ದ್ವೀಪದಲ್ಲಿ ಬ್ಯಾಟರಿ ಗಾಡಿ ಸಿಗುತ್ತದೆ, ಅದು ಬೇಕೇ ಬೇಕು. ದ್ವೀಪದಿಂದ ದ್ವೀಪಕ್ಕೆ ಗಂಟು ಕಟ್ಟುವುದು ಬೇಡ, ಸ್ವರಾಜ್ ದ್ವೀಪ ಒಂದೇ ಸಾಕು. ರೂಮು ನೆಲಮಹಡಿಯಲ್ಲೇ, ಲಿಫ್ಟಿನ ಮಾತು ನಂಬುವುದಿಲ್ಲ. ಚಳಿಗಾಲದಲ್ಲಿ ಅಲ್ಲಿ ಐದೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಬೇಗ ಮಲಗಿದರೆ ಯಾರೂ ಕೇಳುವುದಿಲ್ಲ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆ ಮಾತ್ರ ಪೂರ್ತಿ ಹೊಡೆದು ಹಾಕಿದೆ. ಜಾರವಾ ಬುಡಕಟ್ಟಿನವರ ಕಾಡಿನ ಮೂಲಕ ಸಾಲುಗಟ್ಟಿ ಬಿಡುವ ವಾಹನಗಳನ್ನು ಹಿಡಿಯಲು ಬೆಳಕು ಹರಿಯುವ ಎಷ್ಟೋ ಮುಂಚೆಯೇ ಹೊರಡಬೇಕು. ಆಮೇಲೆ ದೋಣಿ, ಆಮೇಲೆ ನಡಿಗೆ.

ಪಟ್ಟಿಯನ್ನು ಅಕ್ಕನಿಗೆ ವಾಟ್ಸಾಪ್ ಮಾಡಿದೆ. ‘ಎಲ್ಲ ಸರಿ ಕಣೇ, ಆದ್ರೆ ನಿಮ್ಮ ಭಾವ ಅಂಡಮಾನ್‌ಗೆ ಹೊರಟಿರೋದೇ ಆ ಗುಹೆ ನೋಡೋಕೆ’ ಅಂತ ಉತ್ತರ ಬಂತು. ಹೋಗಲಿ, ನೋಡಿಕೊಂಡು ಬರಲಿ. ಅವತ್ತು ನಾನು ರೂಮಿನಲ್ಲಿ ಮಲಗಿರುತ್ತೇನೆ, ವಿಡಿಯೋ ಮಾತ್ರ ಸರಿಯಾಗಿ ಮಾಡಿಕೊಂಡು ಬರಬೇಕು ಅಂತ ಬರೆದು ಕಳಿಸಿದ್ದೇನೆ.